ಹಾಡು ಹಾಡುಗಳ ನಡುವಿನ ಸದ್ದು



ಒಂದು ವಚನ ಮುಗಿದು ಇನ್ನೊಂದು ಶುರುವಾಗುವ ಹೊತ್ತಿಗೆ ಸ್ಪೀಕರಿನಿಂದ ‘ಟಪ್’ ಅಂತ ಒಂದು ಸದ್ದು ಬರುತ್ತದೆ. ಇನ್ನು ಕೆಲವು ಕಡೆ ಹಾಡು ನಿಂತದ್ದೇ ತಡ, ‘ಗುಂಯ್’ ಅನ್ನುವ ಮೊರೆತ ಮೇಲೇಳುತ್ತದೆ. ಮತ್ತೆ ಕೆಲವು ಕಡೆ ‘ಟರ್ ಟರ್ ಟರ್’ ಅಂತ ಸಿಡಿದು, ಮುಂದಿನ ಹಾಡು ಹತ್ತಿಕೊಂಡ ಮೇಲೆ ಸುಮ್ಮನಾಗುತ್ತದೆ. ಇಂಟರ್‌ನೆಟ್ಟಿನಿಂದ ನೇರವಾಗಿ ಹಾಡು ಹಾಕುವ ಪದ್ಧತಿ ಬಂದ ಮೇಲೆ ಈ ಕಿರಿಕಿರಿ ಮನೆಮನೆಗೂ ಬಂದಿದೆ. ಚಿತ್ರದುರ್ಗದ ಬಾಡಿಗೆ ಮನೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೇಳುವ ಹುಡುಗರಿಗೂ ಅದೇ ಪಾಡು, ಹೊಸದುರ್ಗದ ಕಡೆ ಮದುವೆಗೆ ಮೈಕ್ ಸೆಟ್ ಕಟ್ಟುವವರಿಗೂ ಅದೇ ಪಾಡು. ಬೆಳಗ್ಗೆ ಎದ್ದು ಗುಡಿಯ ಹಾರ್ನಿಗೆ ಫೋನ್ ಚುಚ್ಚಿ ಸುಪ್ರಭಾತ ಹಾಕುವ ಅರ್ಚಕರೂ ಇದರಿಂದ ಪಾರಾಗಿಲ್ಲ.

ಇದಕ್ಕೆ ಸಾಮಾನ್ಯವಾಗಿ ಎಲ್ಲರೂ ಮಾಡುವುದು ಒಂದೇ ಕೆಲಸ, ಹೊಸ ಆಂಪ್ಲಿಫೈಯರ್ ತರುವುದು. ದುಡ್ಡು ಖರ್ಚಾಗುತ್ತದೆ, ಸದ್ದು ಮಾತ್ರ ಹಾಗೇ ಉಳಿಯುತ್ತದೆ. ಆಂಪ್ಲಿಫೈಯರಿನಲ್ಲಿ ದೋಷ ಇರುವುದು ಅಪರೂಪ ಎಂಬುದು ನನ್ನ ಅನುಭವ. ಹಾಡು ಜೋರಾಗಿರುವಾಗ ಸಣ್ಣ ಸದ್ದುಗಳೆಲ್ಲ ಅದರ ಅಡಿಯಲ್ಲಿ ಮುಚ್ಚಿಹೋಗುತ್ತವೆ. ಹಾಡು ನಿಂತ ಆ ಎರಡು ಕ್ಷಣದಲ್ಲಿ ನಮಗೆ ಕೇಳುವುದು ವೈರು, ಚಾರ್ಜರು, ಗೋಡೆಯ ಪ್ಲಗ್ಗು, ಕಡೆಗೆ ಅಂಗಳದ ನೆಲ. ಆದ್ದರಿಂದ ಕೊಳ್ಳುವುದಕ್ಕೆ ಮುಂಚೆ ಕೇಳಿ. ಯಾವ ಸದ್ದು, ಯಾವಾಗ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ ಎಂದು ಗಮನಿಸಿದರೆ ಅರ್ಧ ರಿಪೇರಿ ಆದ ಹಾಗೇ.

ಮೊದಲು ಮೊರೆತದ ವಿಚಾರ. ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಡುವುದು ಇದೇ. ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಸಲ ಅತ್ತ ಹೋಗಿ ಇತ್ತ ಬರುತ್ತದೆ. ಆ ಕಂಪನ ಹಾಡಿನ ತಂತಿಯೊಳಗೆ ನುಸುಳಿದರೆ ಸ್ಪೀಕರಿನಲ್ಲಿ 50 ಹರ್ಟ್ಸಿನ, ಇಲ್ಲವೇ ಅದರ ಎರಡರಷ್ಟು, ಅಂದರೆ 100 ಹರ್ಟ್ಸಿನ ಮೊರೆತವಾಗಿ ಕೇಳುತ್ತದೆ. ಹಾರ್ಮೋನಿಯಂ ಬಲ್ಲವರು ಇದನ್ನು ಕೂಡಲೇ ಗುರುತಿಸಬಹುದು. ಬಿಳಿ ಐದರ ಮಂದ್ರಕ್ಕೆ ಹತ್ತಿರ, ಅದಕ್ಕಿಂತ ಕೂದಲೆಳೆಯಷ್ಟು ಮೇಲೆ ಅದರ ಶ್ರುತಿ. ಯಾವ ಹಾಡು ಹಾಕಿದರೂ, ಯಾವ ಊರಿನಲ್ಲಿ ಹಾಕಿದರೂ ಅದೇ ಶ್ರುತಿ. ಅಷ್ಟು ಖಾತ್ರಿಯಾದರೆ ಫೋನಿನ ಆ್ಯಪನ್ನೂ ಹಾಡಿನ ಕಂಪನಿಯನ್ನೂ ದೂರುವುದು ಬಿಟ್ಟು ಗೋಡೆಯ ಕಡೆ ತಿರುಗಬೇಕು.

ಅದು ಒಳಗೆ ಬರುವ ದಾರಿ ಹೀಗಿದೆ. ಲ್ಯಾಪ್‌ಟಾಪಿನ ಚಾರ್ಜರು, ಫೋನಿನ ಚಾರ್ಜರು, ಸೆಟ್ ಟಾಪ್ ಬಾಕ್ಸಿನ ಅಡಾಪ್ಟರು, ಇವುಗಳ ಒಳಗೆ ಸಣ್ಣದೊಂದು ಕೆಪಾಸಿಟರ್ ಇರುತ್ತದೆ. ಅದರ ಮೂಲಕ ಬಹಳ ಸ್ವಲ್ಪ ಕರೆಂಟು ಸದಾ ಹೊರಗೆ ಜಿನುಗುತ್ತಿರುತ್ತದೆ. ಜೀವಕ್ಕೆ ಅಪಾಯ ಮಾಡುವಷ್ಟಲ್ಲ. ಆದರೆ ಅದಕ್ಕೂ ನೆಲ ಸೇರಲು ಒಂದು ದಾರಿ ಬೇಕು. ಅರ್ತ್ ಸರಿಯಾಗಿದ್ದರೆ ಮೂರನೆಯ ಪಿನ್ನಿನಿಂದ ಇಳಿದುಹೋಗುತ್ತದೆ. ಅರ್ತ್ ಇಲ್ಲದಿದ್ದರೆ, ಚಾರ್ಜರಿಗೆ ಎರಡೇ ಪಿನ್ ಇದ್ದರೆ, ಅದು ಹಾಡು ಸಾಗುವ ಕೇಬಲ್ಲಿನ ಹೊರಕವಚವನ್ನೇ ಹಿಡಿದು ಆಂಪ್ಲಿಫೈಯರಿಗೆ ಹೋಗುತ್ತದೆ. ಹಾಡು ಸಾಗುವುದೂ ಆ ತಂತಿಯಲ್ಲೇ, ಕರೆಂಟು ಹರಿಯುವುದೂ ಆ ತಂತಿಯಲ್ಲೇ. ಹಾಡು ನಿಂತಾಗ ಉಳಿದದ್ದು ಕೇಳುತ್ತದೆ.

ಹೊಳಲ್ಕೆರೆ ಕಡೆಯ ಒಂದು ಹಳ್ಳಿಯ ಭಜನಾ ಮಂದಿರದಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಶನಿವಾರದ ಭಜನೆಗೆ ಮುಂಚೆ ದಾಸರ ಪದಗಳನ್ನು ಫೋನಿನಿಂದ ಹಾಕುತ್ತಿದ್ದರು. ಒಂದೊಂದು ಪದ ಮುಗಿದಾಗಲೂ ಮಂದಿರವಿಡೀ ಮೊರೆಯುತ್ತಿತ್ತು. ‘ಆಂಪ್ಲಿ ಹೋಗೈತೆ ಸಾರ್, ಬದಲಾಯಿಸ್ಬೇಕು ಅಂತ ಚಂದಾ ಎತ್ತಾ ಇದೀವಿ’ ಅಂದರು ಅಲ್ಲಿಯ ಹಿರಿಯರೊಬ್ಬರು. ಫೋನಿಗೆ ಹಾಕಿದ್ದ ಚಾರ್ಜರನ್ನು ಕಿತ್ತು ಬದಿಗಿಟ್ಟೆ. ಫೋನು ಬ್ಯಾಟರಿಯ ಮೇಲೆ ಓಡತೊಡಗಿದ್ದೇ ಮೊರೆತ ಮುಕ್ಕಾಲು ಪಾಲು ಇಳಿಯಿತು. ಆಂಪ್ಲಿಫೈಯರಿನ ಲೋಹದ ಮೈಗೆ ಟೆಸ್ಟರ್ ಮುಟ್ಟಿಸಿದರೆ ದೀಪ ಮಂದವಾಗಿ ಹತ್ತಿತು. ಮೇನ್ ಆಫ್ ಮಾಡಿಸಿ ಸ್ವಿಚ್ ಬೋರ್ಡ್ ಬಿಚ್ಚಿ ನೋಡಿದೆವು. ಸಾಕೆಟ್ಟಿನ ಮೇಲಿನ ದೊಡ್ಡ ತೂತಿಗೆ ಹಸಿರು ವೈರು ಬಂದಿತ್ತು, ಸರಿಯಾಗಿಯೇ ಕೂತಿತ್ತು. ಆ ವೈರನ್ನು ಹಿಡಿದುಕೊಂಡು ಮೀಟರ್ ಬೋರ್ಡಿಗೆ ಬಂದೆವು, ಅಲ್ಲಿಂದ ಹಿತ್ತಲಿಗೆ ಬಂದೆವು. ಅಂಗಳಕ್ಕೆ ಹೊಸದಾಗಿ ಟೈಲ್ಸ್ ಹಾಸುವಾಗ ಅರ್ತ್ ಗುಂಡಿಯ ಬಾಯಿಗೆ ಸಿಮೆಂಟು ಸುರಿದು ಮುಚ್ಚಿದ್ದರು. ನೀರು ಹುಯ್ಯಲು ಪೈಪಿನ ಮೇಲೆ ಇಡುವ ಕೊಳವೆ ಮುರಿದು ಒಳಗೇ ಬಿದ್ದಿತ್ತು. ಕ್ಲ್ಯಾಂಪ್ ಪೂರಾ ತುಕ್ಕು ಹಿಡಿದು, ಬೆರಳಲ್ಲಿ ತಟ್ಟಿದರೆ ಪುಡಿ ಉದುರುತ್ತಿತ್ತು. ಊರಿನ ಎಲೆಕ್ಟ್ರಿಷಿಯನ್ನನ್ನು ಕರೆಸಿ ಪಕ್ಕದಲ್ಲಿ ಹೊಸ ಗುಂಡಿ ತೆಗೆಸಿದರು. ಜಿ.ಐ. ಪೈಪ್ ಇಳಿಸಿ, ಇದ್ದಿಲು, ಉಪ್ಪು, ಇದ್ದಿಲು, ಉಪ್ಪು ಎಂದು ಪದರ ಪದರವಾಗಿ ತುಂಬಿ, ನೀರು ಬಿಟ್ಟು, ಹೊಸ ಕ್ಲ್ಯಾಂಪಿನಿಂದ ವೈರು ಬಿಗಿದರು. ಆಂಪ್ಲಿಫೈಯರು ಅದೇ ಹಳೆಯದು. ಚಾರ್ಜರ್ ಹಾಕಿದರೂ ಆಮೇಲೆ ಮೊರೆಯಲಿಲ್ಲ. ಎತ್ತಿದ ಚಂದಾದಲ್ಲಿ ಎರಡು ಒಳ್ಳೆಯ ಮೈಕು ತಂದರು.

ಇದು ನಮ್ಮ ಸೀಮೆಯಲ್ಲೇ ಯಾಕಿಷ್ಟು ಹೆಚ್ಚು? ನೆಲ ನೋಡಿ. ಅರ್ತ್ ಅನ್ನುವುದು ಮಣ್ಣಿನ ತೇವದ ಮೇಲೆ ನಿಂತ ವ್ಯವಸ್ಥೆ. ಒಣಮಣ್ಣು, ಬಂಡೆ, ಎರಡೂ ಕರೆಂಟನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಚಿತ್ರದುರ್ಗದಲ್ಲಿ ಕೋಟೆಯ ಸುತ್ತಮುತ್ತ ಎರಡು ಅಡಿ ಅಗೆದರೆ ಹಾರೆ ಬಂಡೆಗೆ ತಾಗುವ ಜಾಗಗಳಿವೆ. ಹಿರಿಯೂರು ರಾಜ್ಯದಲ್ಲೇ ಮಳೆ ಕಡಿಮೆ ಬೀಳುವ ತಾಲ್ಲೂಕುಗಳಲ್ಲಿ ಒಂದು. ಅಲ್ಲಿಯ ಎರೆಭೂಮಿ ಮಳೆಗಾಲದಲ್ಲಿ ತೇವ ಹಿಡಿದುಕೊಂಡು ಒಳ್ಳೆಯ ಅರ್ತ್ ಕೊಡುತ್ತದೆ. ಬೇಸಿಗೆಯಲ್ಲಿ ಅದೇ ಮಣ್ಣು ಬಿರುಕು ಬಿಟ್ಟು ಪೈಪಿನ ಮೈಯಿಂದ ದೂರ ಸರಿಯುತ್ತದೆ. ಹೊಸದುರ್ಗ, ಹೊಳಲ್ಕೆರೆ ಕಡೆಯ ಕೆಂಪು ಮಣ್ಣು, ಗರಸು ಮಣ್ಣು ಹೋಳಿ ಹುಣ್ಣಿಮೆಯ ಹೊತ್ತಿಗೆಲ್ಲ ಒಣಗಿ ಪುಡಿಯಾಗಿರುತ್ತದೆ. ಮಾರಿಕಣಿವೆ ಜಲಾಶಯದ ನಾಲೆ ಬಯಲಿನ ತೆಂಗಿನ ತೋಟದ ಮನೆಗಳಲ್ಲಿ ನೆಲ ಹಸಿಯಾಗಿರುವುದರಿಂದ ಅವರಿಗೆ ಈ ತೊಂದರೆ ಕಡಿಮೆ ಇರಬೇಕು. 1933ರ ನಂತರ ಆ ಜಲಾಶಯ 2022ರಲ್ಲಿ ಮತ್ತೆ ಕೋಡಿ ಬಿತ್ತು, ಎಂಬತ್ತೊಂಬತ್ತು ವರ್ಷ ಕಾದ ನೀರು ಅದು. ಕೋಡಿ ಬಿದ್ದ ವರ್ಷವೂ ನಾಲೆ ಮುಟ್ಟದ ಊರುಗಳ ಅರ್ತ್ ಗುಂಡಿಗೆ ನೀರು ಹುಯ್ಯಬೇಕಾದವರು ನಾವೇ.

ಪೈಪ್ ಕನಿಷ್ಠ ಎರಡೂವರೆ ಮೀಟರ್ ಆಳಕ್ಕೆ ಇಳಿಯಬೇಕು. ಬಂಡೆ ಸಿಕ್ಕಿದರೆ ಅಲ್ಲಿಗೇ ನಿಲ್ಲಿಸದೆ, ಪಕ್ಕಕ್ಕೆ ಸರಿದು ಎರಡು ಗುಂಡಿ ತೆಗೆದು ಎರಡನ್ನೂ ಒಂದಕ್ಕೊಂದು ಜೋಡಿಸುವುದು ಒಳ್ಳೆಯದು. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಒಂದೆರಡು ಕೊಡ ನೀರು ಹುಯ್ದರೆ ಸಾಕು. ಪಾತ್ರೆ ತೊಳೆದ ನೀರು ಹೋಗುವ ದಾರಿಯ ಬದಿಗೇ ಗುಂಡಿ ಇಟ್ಟರೆ ಆ ಕೆಲಸವೂ ಉಳಿಯುತ್ತದೆ, ಹಳೆಯ ವೈರ್‌ಮನ್‌ಗಳು ಹಾಗೆ ಜಾಗ ನೋಡಿ ಇಡುತ್ತಿದ್ದರು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಖಂಡಿತವಾಗಿ ಹೇಳಬೇಕು. ಮೊರೆತ ನಿಲ್ಲಿಸಲು ಪ್ಲಗ್ಗಿನ ಮೂರನೆಯ ಪಿನ್ನನ್ನೇ ಮುರಿದುಹಾಕುವ ಉಪಾಯವೊಂದು ಮೈಕ್ ಸೆಟ್ಟಿನವರಲ್ಲಿ ಚಾಲ್ತಿಯಲ್ಲಿದೆ. ಕೆಲವು ಸಲ ಮೊರೆತ ನಿಲ್ಲುವುದೂ ನಿಜ. ದಯವಿಟ್ಟು ಅದನ್ನು ಮಾಡಬೇಡಿ. ಒಳಗೆ ಎಲ್ಲೋ ವೈರು ಸುಲಿದು ಆಂಪ್ಲಿಫೈಯರಿನ ಮೈಗೆ ತಾಗಿದ ದಿನ, ಮೈಕು ಹಿಡಿದು ಹಾಡುವ ಮಗುವಿನ ಕೈಯಿಂದಲೇ ಆ ಕರೆಂಟು ನೆಲಕ್ಕೆ ಇಳಿಯುತ್ತದೆ. ಜಾತ್ರೆಯಲ್ಲಿ ಮಳೆ ಬಂದು ನೆಲ ಒದ್ದೆಯಾಗಿದ್ದರಂತೂ ಹೇಳುವುದೇ ಬೇಡ. ಮಾಡಬೇಕಾದ್ದು ಬೇರೆ. ಫೋನಿನ ಚಾರ್ಜರು, ಮಿಕ್ಸರು, ಆಂಪ್ಲಿಫೈಯರು ಮೂರನ್ನೂ ಒಂದೇ ಜಂಕ್ಷನ್ ಬಾಕ್ಸಿನಿಂದ ತೆಗೆದುಕೊಳ್ಳಿ. ಒಂದನ್ನು ಗುಡಿಯ ಒಳಗಿನ ಪ್ಲಗ್ಗಿನಿಂದ, ಇನ್ನೊಂದನ್ನು ಎದುರು ಮನೆಯಿಂದ ಎಳೆದರೆ ಎರಡು ಅರ್ತ್‌ಗಳ ನಡುವಿನ ವ್ಯತ್ಯಾಸವೇ ಕೇಬಲ್ಲಿನಲ್ಲಿ ಹರಿದು ಮೊರೆಯುತ್ತದೆ. ಅಷ್ಟಾದರೂ ಉಳಿದರೆ ಐಸೊಲೇಟರ್ ಎಂಬ ಸಣ್ಣ ಡಬ್ಬಿ ಸಿಗುತ್ತದೆ, ಒಳಗೆ ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತದೆ, ಫೋನಿನಿಂದ ಆಂಪ್ಲಿಫೈಯರಿಗೆ ಹಾಡು ಒಯ್ಯುವ ಆಕ್ಸ್ ಕೇಬಲ್ಲಿನ ನಡುವೆ ಅದನ್ನು ಹಾಕಬಹುದು. ಅಗ್ಗದ ಡಬ್ಬಿಯಾದರೆ ಮೃದಂಗದ ಎಡಗಡೆಯ ಗುಮಕಿ ಸ್ವಲ್ಪ ಸೊರಗುತ್ತದೆ ಎಂಬುದೂ ಗೊತ್ತಿರಲಿ.

ಕರೆಂಟು ಹೋಗಿ ಯುಪಿಎಸ್ ಮೇಲೆ ಓಡುವಾಗ ಮಾತ್ರ ಮೊರೆತ ಒರಟಾಗಿ, ‘ಜರ್’ ಅನ್ನುವ ಹಾಗೆ ಕೇಳಿದರೆ ದೋಷ ಯುಪಿಎಸ್‌ನದು. ಅಗ್ಗದ ಯುಪಿಎಸ್‌ಗಳು ಕರೆಂಟಿನ ಅಲೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕೊಡುತ್ತವೆ. ಕೊಳ್ಳುವಾಗ ಸೈನ್ ವೇವ್ ಎಂದು ಕೇಳಿ ಕೊಂಡರೆ ಮುಗಿಯಿತು.

ಇನ್ನು ‘ಟರ್ ಟರ್ ಟರ್’ ಅನ್ನುವ ಸಿಡಿತ. ಇದು ಹಾಡುಗಳ ನಡುವೆಯೇ ಬರುವುದಕ್ಕೆ ಚೆಂದದ ಕಾರಣ ಒಂದಿದೆ. ನೀವು ಕೇಳುತ್ತಿರುವ ಹಾಡಿನ ಬಹುಪಾಲನ್ನು ಫೋನು ಮೊದಲೇ ತರಿಸಿ ಇಟ್ಟುಕೊಂಡಿರುತ್ತದೆ. ಹಾಡು ಮುಗಿಯುತ್ತ ಬಂದಾಗ ಮುಂದಿನ ಹಾಡಿಗಾಗಿ ಟವರಿನ ಜೊತೆ ಮಾತಾಡಲು ಶುರುಮಾಡುತ್ತದೆ. ಹಾಗೆ ಮಾತಾಡುವುದು ಒಂದೇ ಎಳೆಯಾಗಿ ಸಾಗುವುದಿಲ್ಲ, ತುಂಡು ತುಂಡಾಗಿ ಸಾಗುತ್ತದೆ. ಹಳೆಯ 2ಜಿ ಜಾಲದಲ್ಲಿ ಸೆಕೆಂಡಿಗೆ ಸುಮಾರು 217 ತುಂಡು. ಫೋನಿಗೆ ಅಂಟಿಕೊಂಡ ಆಕ್ಸ್ ಕೇಬಲ್ಲು ಆಂಟೆನಾದಂತೆ ಅದನ್ನು ಹಿಡಿದು ಆಂಪ್ಲಿಫೈಯರಿಗೆ ಕೊಡುತ್ತದೆ. 217 ಹರ್ಟ್ಸ್ ನಮ್ಮ ಕಿವಿಗೆ ಚೆನ್ನಾಗಿ ಕೇಳುವ ಸ್ವರ. 4ಜಿ ಬಂದ ಮೇಲೆ ಇದು ತಗ್ಗಿದೆಯಾದರೂ, ಸಿಗ್ನಲ್ ಸಿಗದ ಕಡೆ ಫೋನು ಮತ್ತೆ ಹಳೆಯ ಜಾಲಕ್ಕೆ ಇಳಿಯುತ್ತದೆ. ಟವರು ದೂರವಾದಷ್ಟೂ ಫೋನು ಗಟ್ಟಿಯಾಗಿ ಕೂಗಬೇಕಾಗುತ್ತದೆ. ಜೋಗಿಮಟ್ಟಿಯ ಗುಡ್ಡಸಾಲಿನ ಮರೆಯ ಹಳ್ಳಿಗಳಲ್ಲಿ ಇದು ಹೆಚ್ಚಾಗಿ ಕೇಳುವುದಕ್ಕೆ ಕಾರಣ ಇದೇ.

ಇದನ್ನು ಪತ್ತೆ ಮಾಡುವುದು ಸುಲಭ. ಹಾಡುಗಳನ್ನು ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ಅವೇ ಹಾಡುಗಳನ್ನು ನುಡಿಸಿ. ಸಿಡಿತ ಪೂರ್ತಿ ನಿಂತರೆ ಕಾರಣ ಸಿಕ್ಕಿತು. ಗುಡಿಯ ಸುಪ್ರಭಾತಕ್ಕೂ ಮದುವೆಯ ಮಂಗಳವಾದ್ಯಕ್ಕೂ ನಾನು ಇದನ್ನೇ ಶಾಶ್ವತ ಏರ್ಪಾಡಾಗಿ ಹೇಳುತ್ತೇನೆ. ತಾಳಿ ಕಟ್ಟುವ ಹೊತ್ತಿಗೆ ಗಟ್ಟಿಮೇಳದ ನಡುವೆ ಯಾರದೋ ಫೋನ್ ಕರೆ ಬಂದು ರಿಂಗಾಗುವುದೂ ಇದರಿಂದ ತಪ್ಪುತ್ತದೆ.

‘ಟಪ್’ ಅನ್ನುವ ಸದ್ದಿಗೆ ಮೂಲಗಳು ಹಲವು. ಲ್ಯಾಪ್‌ಟಾಪಿನಲ್ಲಿ ಕೇಳುವವರಿಗೆ ಸಾಮಾನ್ಯವಾದದ್ದು ನಿದ್ದೆಯ ತೊಂದರೆ. ಕೆಲವು ಸೆಕೆಂಡು ಸದ್ದಿಲ್ಲದಿದ್ದರೆ ಬ್ಯಾಟರಿ ಉಳಿಸಲು ಒಳಗಿನ ಸೌಂಡ್ ಚಿಪ್ಪು ಮಲಗಿಬಿಡುತ್ತದೆ. ಮುಂದಿನ ಹಾಡು ಬಂದಾಗ ದಡಕ್ಕನೆ ಎದ್ದು ಸ್ಪೀಕರನ್ನು ಒದೆಯುತ್ತದೆ. ಹಾಡುಗಳ ನಡುವೆ ಅಂತರ ದೊಡ್ಡದಿದ್ದಾಗ ಮಾತ್ರ ಈ ಸದ್ದು ಬರುತ್ತಿದ್ದರೆ ಪವರ್ ಸೇವಿಂಗ್ ಸೆಟ್ಟಿಂಗಿನಲ್ಲಿ ಆಡಿಯೊಗೆ ಸಂಬಂಧಿಸಿದ್ದನ್ನು ಆಫ್ ಮಾಡಿ. ಬ್ಲೂಟೂತ್ ಸ್ಪೀಕರುಗಳಲ್ಲೂ ಇದೇ ಕಥೆ. ಅಲ್ಲಿ ಸದ್ದಿನ ಜೊತೆಗೆ ಪಲ್ಲವಿಯ ಮೊದಲ ಅಕ್ಷರವೇ ನುಂಗಿಹೋಗುತ್ತದೆ.

ಒಳ್ಳೆಯ ಸಂಗೀತ ಕೇಳಬೇಕೆಂದು, ಅಂಕಿಗಳಲ್ಲಿರುವ ಹಾಡನ್ನು ಸದ್ದಿನ ಅಲೆಯಾಗಿ ಬದಲಿಸುವ ಡ್ಯಾಕ್ ಎಂಬ ಬೇರೆ ಪೆಟ್ಟಿಗೆ ಇಟ್ಟುಕೊಂಡವರಿಗೆ ಇನ್ನೊಂದು ಬಗೆಯ ‘ಟಪ್’ ಎದುರಾಗುತ್ತದೆ. ಸಿ.ಡಿ.ಯ ಹಾಡಿನಲ್ಲಿ ಸೆಕೆಂಡಿಗೆ 44,100 ಸಲ ಅಲೆಯ ಎತ್ತರವನ್ನು ಅಳೆದು ಬರೆದಿಟ್ಟಿರುತ್ತಾರೆ. ಸಿನಿಮಾ, ವಿಡಿಯೊಗಳಲ್ಲಿ ಅದು 48,000. ಹೆಚ್ಚು ಗುಣಮಟ್ಟದ್ದೆಂದು ಕೊಡುವ ಕೆಲವು ಹಾಡುಗಳಲ್ಲಿ 96,000 ಅಥವಾ 1,92,000. ಒಂದು ಹಾಡು ಒಂದು ಲೆಕ್ಕದ್ದು, ಮುಂದಿನದು ಇನ್ನೊಂದು ಲೆಕ್ಕದ್ದಾದರೆ ಡ್ಯಾಕ್ ತನ್ನ ಗಡಿಯಾರವನ್ನು ನಿಲ್ಲಿಸಿ ಹೊಸ ಲೆಕ್ಕಕ್ಕೆ ಹೊಂದಿಸಿಕೊಳ್ಳಬೇಕು. ಆ ನಡುವೆ ಹೊರಗೆ ಹೋಗುವ ಸದ್ದನ್ನು ಮುಚ್ಚದಿದ್ದರೆ ‘ಟಪ್’ ಖಂಡಿತ. ಪರೀಕ್ಷೆಗೆ ಒಂದೇ ಆಲ್ಬಮ್ಮಿನ ಹಾಡುಗಳನ್ನು ಸಾಲಾಗಿ ಹಾಕಿ ನೋಡಿ. ಅಲ್ಲಿ ಸದ್ದಿಲ್ಲ, ಕಲಬೆರಕೆ ಪಟ್ಟಿಯಲ್ಲಿ ಮಾತ್ರ ಇದೆ ಎಂದಾದರೆ ಇದೇ ಕಾರಣ. ಎಲ್ಲವನ್ನೂ ಒಂದೇ ಲೆಕ್ಕಕ್ಕೆ ತಂದು ಕಳಿಸುವ ಸೆಟ್ಟಿಂಗ್ ಪ್ಲೇಯರಿನಲ್ಲಿ ಇರುತ್ತದೆ, ಅದನ್ನು ಆನ್ ಮಾಡಬಹುದು. ಇಲ್ಲವೇ ಹಾಡು ಬದಲಾಗುವಾಗ ಅರ್ಧ ಸೆಕೆಂಡು ಮೌನ ಸೇರಿಸುವಂತೆ ಮಾಡಬಹುದು. ಸಾಮಾನ್ಯ ಆಂಡ್ರಾಯ್ಡ್ ಫೋನುಗಳಲ್ಲಿ ಎಲ್ಲ ಹಾಡುಗಳೂ ಒಳಗೇ ಒಂದು ಲೆಕ್ಕಕ್ಕೆ ಬಂದು ಹೊರಡುವುದರಿಂದ ಅವುಗಳಲ್ಲಿ ಈ ತೊಂದರೆ ಅಷ್ಟಾಗಿ ಕಾಣುವುದಿಲ್ಲ.

ಸದ್ದು ಬರುವುದು ಒಂದು ಬಗೆಯ ಕಾಟವಾದರೆ ಬರಬೇಕಾದ ಸದ್ದು ಕಡಿದುಹೋಗುವುದು ಇನ್ನೊಂದು ಬಗೆಯದು. ಸಂಗೀತ ಬಲ್ಲವರಿಗೆ ಇದು ಮೊದಲಿನದಕ್ಕಿಂತ ಹೆಚ್ಚು ನೋವು ಕೊಡುತ್ತದೆ. ಕಛೇರಿಯ ಧ್ವನಿಮುದ್ರಣದಲ್ಲಿ ಆಲಾಪನೆ ಒಂದು ತುಂಡು, ತಾನ ಒಂದು ತುಂಡು, ಪಲ್ಲವಿ ಒಂದು ತುಂಡು ಮಾಡಿ ಹಾಕಿರುತ್ತಾರೆ. ಹಾಡುವವರು ನಡುವೆ ನಿಲ್ಲಿಸಿಲ್ಲ, ತಂಬೂರಿ ನಿಂತೇ ಇಲ್ಲ. ಆದರೆ ನಮ್ಮ ಫೋನಿನಲ್ಲಿ ತುಂಡು ಬದಲಾಗುವಾಗ ಶ್ರುತಿ ಕತ್ತರಿಸಿ ಮತ್ತೆ ಅಂಟಿಕೊಳ್ಳುತ್ತದೆ. ಎಂಪಿ3 ರೀತಿಯಲ್ಲಿ ಹಾಡನ್ನು ಕುಗ್ಗಿಸುವಾಗ ಅದನ್ನು 1152 ಅಳತೆಗಳ ಕಟ್ಟುಗಳಾಗಿ ಮಾಡುತ್ತಾರೆ. ಕಡೆಯ ಕಟ್ಟು ತುಂಬದಿದ್ದರೆ ಉಳಿದ ಜಾಗಕ್ಕೆ ಮೌನ ತುಂಬುತ್ತಾರೆ. ಶುರುವಿನಲ್ಲೂ ಸ್ವಲ್ಪ ಮೌನ ಸೇರಿಕೊಳ್ಳುತ್ತದೆ. ಒಂದು ಕಟ್ಟು ಅಂದರೆ ಸೆಕೆಂಡಿನ ಸುಮಾರು ನಲವತ್ತರಲ್ಲಿ ಒಂದು ಪಾಲು. ಇಷ್ಟು ಸಣ್ಣ ಬಿರುಕನ್ನೂ ನಮ್ಮ ಕಿವಿ ತಂಬೂರಿಯ ನಾದದಲ್ಲಿ ಹಿಡಿದುಬಿಡುತ್ತದೆ. ಆ ಮೌನ ಎಷ್ಟಿದೆ ಎಂದು ಫೈಲಿನೊಳಗೇ ಬರೆದಿದ್ದರೆ ಒಳ್ಳೆಯ ಪ್ಲೇಯರುಗಳು ಅದನ್ನು ಕಳೆದು ನುಡಿಸುತ್ತವೆ. ಆ ಸೆಟ್ಟಿಂಗಿನ ಹೆಸರು ಗ್ಯಾಪ್‌ಲೆಸ್. ಅದನ್ನು ಆನ್ ಮಾಡಿ. ಅದರ ಪಕ್ಕದಲ್ಲೇ ಕ್ರಾಸ್‌ಫೇಡ್ ಅಂತ ಇನ್ನೊಂದಿರುತ್ತದೆ. ಅದು ಒಂದು ಹಾಡಿನ ಬಾಲದ ಮೇಲೆ ಇನ್ನೊಂದರ ತಲೆ ಹೇರುತ್ತದೆ. ಕುಣಿತದ ಹಾಡಿಗೆ ಇರಲಿ. ಒಂದೂವರೆ ಮನೆ ಶ್ರುತಿಯ ಕೀರ್ತನೆ ಮುಗಿಯುವ ಮುಂಚೆಯೇ ನಾಲ್ಕು ಮನೆ ಶ್ರುತಿಯ ವಚನ ಬಂದು ಕೂತರೆ ಎರಡೂ ಹಾಳು. ಶಾಸ್ತ್ರೀಯ ಸಂಗೀತಕ್ಕೆ ಅದನ್ನು ಆಫ್ ಮಾಡಿಯೇ ಇಡಬೇಕು.

ಹಾಡುಗಳನ್ನು ಕತ್ತರಿಸಿ ಹಾಕುವವರಿಗೂ ಒಂದು ಮಾತಿದೆ. ಆಕಾಶವಾಣಿಯ ಸ್ಟುಡಿಯೊಗಳಲ್ಲಿ ಸ್ಪೂಲ್ ಟೇಪು ಇದ್ದ ಕಾಲದಲ್ಲಿ ಎಡಿಟಿಂಗ್ ಅಂದರೆ ಬ್ಲೇಡಿನ ಕೆಲಸ. ಕಾಲಿಂಚು ಅಗಲದ ಟೇಪನ್ನು ಲೋಹದ ಅಚ್ಚಿನ ತೋಡಿನಲ್ಲಿ ಕೂರಿಸಿ ಬ್ಲೇಡಿನಿಂದ ಓರೆಯಾಗಿ ಕತ್ತರಿಸುತ್ತಿದ್ದರು. 45 ಡಿಗ್ರಿ ಓರೆ. ನೇರಕ್ಕೆ ಕತ್ತರಿಸಿ ಅಂಟಿಸಿದರೆ ಕೊಂಡಿ ಹಾದುಹೋಗುವಾಗ ‘ಟಕ್’ ಅನ್ನುತ್ತದೆ. ಓರೆಯಾಗಿದ್ದರೆ ಹಳೆಯ ಸದ್ದು ಇಳಿಯುತ್ತ, ಹೊಸ ಸದ್ದು ಏರುತ್ತ ಒಂದರೊಳಗೊಂದು ಸರಿದುಹೋಗುತ್ತವೆ. ಕಂಪ್ಯೂಟರಿನಲ್ಲಿ ಕತ್ತರಿಸುವಾಗಲೂ ನಿಯಮ ಅದೇ. ಅಲೆ ಮೇಲಿದ್ದಾಗ ಅಲ್ಲೇ ಕಡಿದರೆ ಸ್ಪೀಕರಿನ ಪರದೆ ಒಮ್ಮೆಲೇ ಜಿಗಿಯುತ್ತದೆ. ಅಲೆ ಸೊನ್ನೆಗೆ ಬಂದ ಜಾಗದಲ್ಲಿ ಕತ್ತರಿಸಿ, ಎರಡೂ ತುದಿಗೆ ಸೆಕೆಂಡಿನ ನೂರನೆಯ ಒಂದು ಪಾಲಿನಷ್ಟು ಇಳಿಜಾರು ಕೊಡಿ. ‘ಟಪ್’ ಹುಟ್ಟುವುದೇ ಇಲ್ಲ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಮ್ಮ ಜಿಲ್ಲೆಯ ಮನೆಗಳಲ್ಲಿ ಕ್ಯಾಸೆಟ್ಟುಗಳ ಡಬ್ಬಿಗಳು ಇನ್ನೂ ಇವೆ. ಗುರುರಾಜುಲು ನಾಯ್ಡು ಅವರ ಹರಿಕಥೆಯಂಥವು ಅಂಗಡಿಯಲ್ಲಿ ಕೊಂಡವು, ಅವು ಎಲ್ಲಾದರೂ ಸಿಕ್ಕಾವು. ನಾನು ಹೇಳುತ್ತಿರುವುದು ನಾವೇ ಮುದ್ರಿಸಿಕೊಂಡವುಗಳನ್ನು. ತರಳಬಾಳು ಹುಣ್ಣಿಮೆಯಲ್ಲಿ ಕೇಳಿದ ವಚನ ಗಾಯನ, ಸಾಣೇಹಳ್ಳಿಯ ನಾಟಕೋತ್ಸವದ ರಂಗಗೀತೆ, ಅಜ್ಜಿ ಬೀಸುವಾಗ ಹೇಳಿದ ಪದ, ಸೋಬಾನೆ ಪದ. ಇವುಗಳಿಗೆ ಎರಡನೆಯ ಪ್ರತಿ ಇಲ್ಲ. ಮಕ್ಕಳು ಈಗ ಉತ್ಸಾಹದಿಂದ ಅವನ್ನು ಕಂಪ್ಯೂಟರಿಗೆ ಇಳಿಸಿ ಇಂಟರ್‌ನೆಟ್ಟಿಗೆ ಏರಿಸುತ್ತಿದ್ದಾರೆ, ಬಹಳ ಸಂತೋಷದ ಕೆಲಸ. ಆದರೆ ಪದಗಳ ನಡುವಿನ ಟೇಪಿನ ‘ಸ್ಸ್’ ಸದ್ದು ಬೇಡವೆಂದು ಆ ಜಾಗವನ್ನೆಲ್ಲ ಅಳಿಸಿ ಪೂರ್ತಿ ಸೊನ್ನೆ ಮಾಡಿಬಿಡುತ್ತಾರೆ. ಆಗ ಪದ ಶುರುವಾದೊಡನೆ ಆ ‘ಸ್ಸ್’ ಗೋಡೆ ಕುಸಿದ ಹಾಗೆ ಒಳನುಗ್ಗುತ್ತದೆ. ಒಂದೇ ಸಮನೆ ಇದ್ದಾಗ ಕಿವಿ ಅದನ್ನು ಮರೆತಿರುತ್ತಿತ್ತು. ಬಂದು ಹೋಗಿ ಮಾಡಿದಾಗ ಪ್ರತಿ ಸಲವೂ ಎಚ್ಚರಿಸುತ್ತದೆ. ಅಲ್ಲದೆ ಆ ಅಳಿಸಿದ ಜಾಗದಲ್ಲೇ ಅಜ್ಜಿ ಉಸಿರು ತೆಗೆದುಕೊಂಡಿರುತ್ತಾಳೆ, ‘ಮುಂದೇನು ಹೇಳ್ಲಪ್ಪಾ’ ಅಂದಿರುತ್ತಾಳೆ, ಹಿತ್ತಲಲ್ಲಿ ಎಮ್ಮೆ ಕೂಗಿರುತ್ತದೆ.

ಆದ್ದರಿಂದ ಮೂಲ ಕ್ಯಾಸೆಟ್ಟಿನ ಒಂದು ಬದಿಯನ್ನು ಶುರುವಿನಿಂದ ಕೊನೆಯವರೆಗೆ ಒಂದೇ ಫೈಲಾಗಿ, ಏನನ್ನೂ ಅಳಿಸದೆ, ಕುಗ್ಗಿಸದೆ ಮೊದಲು ತೆಗೆದಿಟ್ಟುಕೊಳ್ಳಿ. ಇಳಿಸುವಾಗ ಲ್ಯಾಪ್‌ಟಾಪ್ ಬ್ಯಾಟರಿಯ ಮೇಲಿರಲಿ, ಚಾರ್ಜರ್ ಕಿತ್ತಿರಲಿ, ಫೋನು ಇನ್ನೊಂದು ಕೋಣೆಯಲ್ಲಿರಲಿ. ಇಲ್ಲದಿದ್ದರೆ ನಾನು ಆಗಲೇ ಹೇಳಿದ ಬಿಳಿ ಐದರ ಮೊರೆತ ಆ ಪದದೊಳಗೇ ಶಾಶ್ವತವಾಗಿ ಸೇರಿಹೋಗುತ್ತದೆ, ಆಮೇಲೆ ಯಾವ ಅರ್ತ್ ಗುಂಡಿ ತೆಗೆದರೂ ಹೋಗುವುದಿಲ್ಲ. ಆ ಮೂಲ ಫೈಲಿನಿಂದ ಇನ್ನೊಂದು ಪ್ರತಿ ಮಾಡಿಕೊಂಡು ಅದನ್ನು ಬೇಕಾದಂತೆ ತುಂಡು ಮಾಡಿ ಏರಿಸಿ. ತುಂಡಿನ ಎರಡೂ ತುದಿಯಲ್ಲಿ ಒಂದೊಂದು ಸೆಕೆಂಡು ಆ ‘ಸ್ಸ್’ ಸದ್ದನ್ನು ಉಳಿಸಿ, ನಿಧಾನವಾಗಿ ಏರಿಸಿ, ನಿಧಾನವಾಗಿ ಇಳಿಸಿ. ಮೂಲ ಫೈಲಿನ ಎರಡು ಪ್ರತಿಗಳು ಎರಡು ಬೇರೆ ಬೇರೆ ಮನೆಗಳಲ್ಲಿ ಇರಲಿ. ಕ್ಯಾಸೆಟ್ಟನ್ನೂ ಎಸೆಯಬೇಡಿ. ಡಬ್ಬಿಯ ಮೇಲೆ ಹಾಡಿದವರ ಹೆಸರು, ಊರು, ನೆನಪಿದ್ದರೆ ವರ್ಷ ಬರೆದು, ಬಿಸಿಲು ಬೀಳದ ಕಡೆ, ಸ್ಪೀಕರುಗಳಿಂದ ದೂರ ನಿಲ್ಲಿಸಿಡಿ.